ನಾಲ್ಕನೇ ಕ್ಲಾಸಿಗೆ ವರ್ಣಭೇದದ ಪಾಠ: ನೆಲದ ಮೇಲೊಂದು ಬಸ್ಸು, ಒಂದು ಹಿಡಿ ಹುಣಸೆ ಬೀಜ

ವರ್ಣಭೇದದ ಪಾಠ ಬಂದರೆ "ಎಲ್ಲರನ್ನೂ ಪ್ರೀತಿಸಬೇಕು ಮಕ್ಕಳೇ" ಅಂತ ಹೇಳಿ ಮುಗಿಸುವುದು ಸುಲಭ. ಮಕ್ಕಳು "ಹ್ಞೂಂ ಟೀಚರ್" ಅಂತಾರೆ, ಬೆಲ್ ಹೊಡೆಯುತ್ತದೆ. ನಾನು ಯಲ್ಲಾಪುರದ ಕಡೆ ನಾಲ್ಕು, ಐದನೇ ಕ್ಲಾಸಿಗೆ ಪಾಠ ಮಾಡುವವಳು. ನಾನು ಹೇಳುವುದಿಷ್ಟೇ: ಪ್ರೀತಿಯಿಂದ ಬೇಡ, ನಿಯಮದಿಂದ ಶುರು ಮಾಡಿ. ಮೋಸದ ನಿಯಮ ಯಾವುದು ಅಂತ ಒಂಬತ್ತು ವರ್ಷದ ಮಗುವಿಗೆ ಚೆನ್ನಾಗಿ ಗೊತ್ತು. ಲಗೋರಿ ಆಡುವಾಗಿನ ಜಗಳ ಕೇಳಿದರೆ ಸಾಕು.

ನೆಲದ ಮೇಲೆ ಚಾಕ್‌ಪೀಸಿನಲ್ಲಿ ದೊಡ್ಡ ಬಸ್ಸು ಬರೆಯಿರಿ. ಮುಂದಿನ 10 ಸೀಟಿಗೆ ಗೆರೆ ಎಳೆಯಿರಿ. ಬಿಳಿಯರಿಗೆ ಚಾಕ್‌ಪೀಸಿನ ಚೂರು, ಕಪ್ಪು ಜನರಿಗೆ ಹುಣಸೆ ಬೀಜ. ಈಗ ಅಮೆರಿಕದ ಮಾಂಟ್‌ಗೊಮೆರಿ ಊರಿನ ನಿಯಮ ಹೇಳಿ: ಗೆರೆಯ ಮುಂದೆ ಬೀಜ ಕೂರುವಂತಿಲ್ಲ. ಮುಂದಿನ ಸೀಟು ತುಂಬಿದರೆ ಹಿಂದಿನ ಸಾಲಿನವರೂ ಏಳಬೇಕು. ಟಿಕೆಟ್ ದುಡ್ಡು ಮಾತ್ರ ಇಬ್ಬರಿಗೂ ಒಂದೇ! 1955ರ ಡಿಸೆಂಬರ್ 1ರಂದು ಒಬ್ಬ ಬಿಳಿಯನಿಗಾಗಿ ಒಂದು ಸಾಲಿನ ನಾಲ್ವರಿಗೆ ಡ್ರೈವರ್ ಏಳಲು ಹೇಳಿದ. ಮೂವರು ಎದ್ದರು. ಹೊಲಿಗೆ ಕೆಲಸದ ರೋಸಾ ಪಾರ್ಕ್ಸ್ ಏಳಲಿಲ್ಲ. ಪೊಲೀಸರು ಹಿಡಿದುಕೊಂಡು ಹೋದರು.

ಮಕ್ಕಳನ್ನೇ ಬಿಳಿಯರು, ಕರಿಯರು ಅಂತ ಮಾಡಿ ನಾಟಕ ಆಡಿಸಬೇಡಿ. ಕಪ್ಪಗಿರುವ ಮಗುವಿಗೆ ಯಾವ ಪಾತ್ರ ಸಿಗುತ್ತದೆ ಅಂತ ನಿಮಗೂ ಗೊತ್ತು, ಅಲ್ವಾ? ಬೀಜಕ್ಕೆ ಅವಮಾನ ಆಗುವುದಿಲ್ಲ.

ರೋಸಾರನ್ನು ಪೊಲೀಸರು ಹಿಡಿದದ್ದನ್ನು ವಿರೋಧಿಸಿ ಮಾಂಟ್‌ಗೊಮೆರಿಯ ಕಪ್ಪು ಜನ 381 ದಿನ ಊರಿನ ಬಸ್ಸು ಹತ್ತಲಿಲ್ಲ. ಇಲ್ಲಿ ಗಣಿತ ತನ್ನಿ. ಕೆಲಸದ ಜಾಗ ಮೂರು ಕಿಲೋಮೀಟರ್ ದೂರವಿದ್ದು, ದಿನವೂ ಹೋಗಿ ಬಂದರೆ ಒಟ್ಟು ಎಷ್ಟು ನಡೆದಂತಾಯಿತು? 2,286 ಕಿಲೋಮೀಟರ್. ಕೊನೆಗೆ ಸುಪ್ರೀಂ ಕೋರ್ಟು ಆ ನಿಯಮ ತಪ್ಪು ಅಂದಿತು.

ಯಾರಾದರೂ ಒಬ್ಬ ಹುಡುಗ ಕೇಳಿಯೇ ಕೇಳುತ್ತಾನೆ: "ಹಂಗಾದ್ರೆ ನಮ್ಮ ಬಸ್ಸಿನ ಲೇಡೀಸ್ ಸೀಟೂ ತಪ್ಪಲ್ವಾ ಟೀಚರ್?" ಬಾಯಿ ಮುಚ್ಚಿಸಬೇಡಿ, ಈ ಪಾಠದ ಒಳ್ಳೆಯ ಪ್ರಶ್ನೆಯೇ ಅದು. ನಿಯಮ ಮಾಡಿದವರು ಯಾರು? ಯಾಕೆ ಮಾಡಿದರು? ಯಾರಿಗೆ ಅನುಕೂಲ, ಯಾರಿಗೆ ಅವಮಾನ? ಬೋರ್ಡಿನಲ್ಲಿ ಬರೆದು ಮಕ್ಕಳಿಗೇ ಬಿಡಿ. ನೂಕುನುಗ್ಗಲಿನಲ್ಲಿ ನಿಂತ ಅಮ್ಮ, ಅಕ್ಕನ ಕಥೆ ಹುಡುಗಿಯರೇ ಹೇಳುತ್ತಾರೆ. ಹುಡುಗರು ಒಪ್ಪದಿದ್ದರೂ ಪರವಾಗಿಲ್ಲ, ವಾದ ನಡೆಯಲಿ.

ಮುಂದಿನ ಪ್ರಶ್ನೆ ಜಾತಿಯದು. ಬಾವಿ, ದೇವಸ್ಥಾನ, ಊಟದ ಪಂಕ್ತಿ ಎಲ್ಲ ಬರುತ್ತದೆ. "ಅದೆಲ್ಲ ಈಗಿಲ್ಲ" ಅಂದರೆ ಮಕ್ಕಳು ನಂಬುವುದಿಲ್ಲ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡಿನಲ್ಲಿ, ದಲಿತರಿಗೆ ಮುಟ್ಟಲು ಬಿಡದಿದ್ದ ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಕುಡಿದ ಕಥೆ ಹೇಳಿ. ಆಗ ಅಮೆರಿಕದ ಬಸ್ಸು ಬೇರೆಯವರ ಕಥೆಯಾಗಿ ಉಳಿಯುವುದಿಲ್ಲ.

ನಮ್ಮ ಕಡೆಯ ಕ್ಲಾಸುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳಿರುತ್ತಾರೆ. ನಕಾಶೆಯಲ್ಲಿ ಪೂರ್ವ ಆಫ್ರಿಕಾದಿಂದ ಗೋವಾಕ್ಕೆ, ಅಲ್ಲಿಂದ ನಮ್ಮ ಘಟ್ಟಕ್ಕೆ ದಾರ ಕಟ್ಟಿ ತೋರಿಸಿ. ಪೋರ್ಚುಗೀಸರು ಹಡಗಿನಲ್ಲಿ ಗುಲಾಮರನ್ನು ತಂದದ್ದು, ಅವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಈ ಕಾಡು ಸೇರಿದ್ದು ಎರಡನ್ನೂ ಹೇಳಿ. ಆದರೆ ಗುಲಾಮಗಿರಿಗೇ ನಿಲ್ಲಿಸಬೇಡಿ. ಸಿದ್ದಿಯರ ಡಮಾಮಿ ಕುಣಿತ ಇದೆ, ಹಳೆ ಸೀರೆಯಲ್ಲಿ ಹೊಲಿಯುವ ಕವದಿ ಇದೆ, 2020ರಲ್ಲಿ ವಿಧಾನ ಪರಿಷತ್ತಿಗೆ ಹೋದ ಶಾಂತಾರಾಮ ಸಿದ್ದಿ ಇದ್ದಾರೆ. ಸಿದ್ದಿ ಮಗುವನ್ನು ಮಾತ್ರ ಎದ್ದು ನಿಲ್ಲಿಸಿ "ನಿಮ್ಮವರ ಬಗ್ಗೆ ಹೇಳು" ಅನ್ನಬೇಡಿ. ಯಾರೂ ಯಾರ ಕೂದಲನ್ನೂ ಕೇಳದೆ ಮುಟ್ಟಬಾರದು ಅನ್ನುವುದು ಇಡೀ ಕ್ಲಾಸಿನ ನಿಯಮ. ನನ್ನ ಕ್ಲಾಸಿನಲ್ಲಿ ಇದನ್ನು ಜೂನ್‌ನಲ್ಲೇ ಹೇಳಿಬಿಡುತ್ತೇನೆ.

ಪರೀಕ್ಷೆಯಲ್ಲಿ "ರೋಸಾ ಪಾರ್ಕ್ಸ್ ಯಾರು?" ಅಂತ ಕೇಳಿ ಪ್ರಯೋಜನವಿಲ್ಲ, ಬಾಯಿಪಾಠ ಮಾಡುತ್ತಾರೆ. ನಮ್ಮ ಶಾಲೆಯ ಯಾವ ನಿಯಮ ಸರಿಯಿಲ್ಲ, ಯಾರಿಗೆ ತೊಂದರೆ, ಯಾರನ್ನು ಕೇಳಬೇಕು ಅಂತ ನಾಲ್ಕು ಸಾಲು ಬರೆಸಿ. ಅದರಲ್ಲಿ ಒಂದೆರಡನ್ನು ಆರಿಸಿ ಮಕ್ಕಳ ಗ್ರಾಮಸಭೆಗೆ ಒಯ್ಯಿರಿ. ಆದರೆ ಮೊದಲು ಹೆಡ್‌ಮಾಸ್ಟರಿಗೆ ಒಂದು ಮಾತು ಹೇಳಿಡಿ.