ಮಳೆಗಾಲ ಪೂರ್ತಿ ನಿಂತ ಸ್ಕ್ರೂ ಕಂಪ್ರೆಸರ್ ಮೊದಲ ಸ್ಟಾರ್ಟಿಗೇ ಎದ್ದಿತು: ನನ್ನ ಅನುಭವ

ಹೋದ ವರ್ಷ ಜೂನ್ ಮೊದಲ ವಾರ ನಿಲ್ಲಿಸಿದ 50 ಎಚ್‌ಪಿ ಸ್ಕ್ರೂ ಕಂಪ್ರೆಸರ್ (ಎರಡು ಸ್ಕ್ರೂ ಒಂದಕ್ಕೊಂದು ಸಿಕ್ಕಿ ತಿರುಗಿ ಗಾಳಿ ಒತ್ತುವ ಮಷಿನ್) ಅಕ್ಟೋಬರಿನಲ್ಲಿ ಮೊದಲ ಸ್ಟಾರ್ಟಿಗೇ ಎದ್ದಿತು. ಅದೂ ಕಾರವಾರದಲ್ಲಿ, ಕಡಲಿನ ಸದ್ದು ಕೇಳುವ ಶೆಡ್ಡಿನಲ್ಲಿ. "ಆಗೋ ಕೆಲಸ ಅಲ್ಲ ಮಾರಾಯಾ, ಉಪ್ಪುಗಾಳಿ ಬಿಡೋದಿಲ್ಲ" ಎಂದವರು ಮೂರು ಜನ. ಅದರಲ್ಲಿ ಇಬ್ಬರು ನನಗಿಂತ ಹಿರಿಯ ಮೆಕ್ಯಾನಿಕ್‌ಗಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಳೆ ಹಿಡಿದರೆ ನಮ್ಮ ಕಡೆ ಕ್ವಾರಿ ಬಂದ್, ರಸ್ತೆ ಕೆಲಸ ಬಂದ್. ಕಂಪ್ರೆಸರ್‌ಗಳೆಲ್ಲ ಮೂಲೆ ಸೇರುತ್ತವೆ. ನಿಂತ ಮಷಿನ್‌ಗೆ ಏನು ಖರ್ಚು ಅಂತ ಓನರ್‌ಗಳ ಲೆಕ್ಕ. ನಮ್ಮ ಊರಲ್ಲಿ ಓಡುವ ಮಷಿನ್‌ಗಿಂತ ನಿಂತ ಮಷಿನ್ನೇ ಜಾಸ್ತಿ ಹಾಳಾಗುವುದು.

2019ರಲ್ಲಿ ನಾನೂ ಎಲ್ಲರ ಹಾಗೆ ತಾಡಪಾಲು ಹೊದಿಸಿ, ಹಗ್ಗ ಬಿಗಿದು ಬಿಟ್ಟಿದ್ದೆ. ಒಂದು ಹನಿ ಮಳೆ ಒಳಗೆ ಹೋಗಿರಲಿಲ್ಲ. ಆದರೆ ಬಿಚ್ಚಿ ನೋಡಿದರೆ ತಾಡಪಾಲಿನ ಒಳಮೈ ಪೂರ್ತಿ ಬೆವರಿತ್ತು. ಕೂಲರ್‌ನ ಫಿನ್ ಮುಟ್ಟಿದರೆ ಬಿಳಿ ಪುಡಿ ಕೈಗೆ ಬಂತು. ಪ್ಯಾನೆಲ್ ಒಳಗೆ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್) ಹಸಿರು ಹಿಡಿದಿತ್ತು.

ಮರುವರ್ಷ ಒಬ್ಬರು, "ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸು, ಸಾಕು" ಎಂದರು. ಹಾಗೇ ಮಾಡಿದೆ. ನಾನು ಮಾಡಿದ ದೊಡ್ಡ ತಪ್ಪು ಅದು. ಹತ್ತು ನಿಮಿಷದಲ್ಲಿ ಎಣ್ಣೆ ಕಾಯುವುದೇ ಇಲ್ಲ. ಪ್ರತಿ ವಾರ ಒದ್ದೆ ಗಾಳಿ ಎಳೆದು, ಅದನ್ನು ಒತ್ತಿ, ನೀರನ್ನು ಎಣ್ಣೆ ಟ್ಯಾಂಕಿನಲ್ಲಿ ಇಳಿಸಿದ ಹಾಗಾಯಿತು. ಸೆಪ್ಟೆಂಬರಿನಲ್ಲಿ ಡ್ರೇನ್ ಕಾಕ್ ತಿರುಗಿಸಿ ಖಾಲಿ ನೀರಿನ ಬಾಟಲಿ ಹಿಡಿದೆ. ಮೊದಲು ಎರಡು ಬೆರಳಿನಷ್ಟು ಕಂದು ನೀರು ಬಂತು. ಆಮೇಲೆ ಬಂದದ್ದು ಎಣ್ಣೆಯಲ್ಲ, ಮಜ್ಜಿಗೆ. ಸ್ಕ್ರೂ ಕೈಗೆ ತಿರುಗಲೇ ಇಲ್ಲ. ಏರ್‌ಎಂಡ್ (ಸ್ಕ್ರೂ ಇರುವ ಭಾಗ) ಬಿಚ್ಚಿದಾಗ ಬೇರಿಂಗಿನ ರೇಸ್ (ರೋಲರ್ ಉರುಳುವ ಬಳೆ) ಮೇಲೆ ರೋಲರ್ ಕೂತ ಜಾಗದಲ್ಲೆಲ್ಲ ಒಂದೊಂದು ಕಪ್ಪು ಗೆರೆ ಇತ್ತು, ಬಾಚಣಿಗೆ ಹಲ್ಲಿನ ಹಾಗೆ ಸಮ ಅಂತರದಲ್ಲಿ. ಉಗುರು ಎಳೆದರೆ ಸಿಕ್ಕುತ್ತಿತ್ತು. ಬೇರಿಂಗ್, ಸೀಲ್, ರೋಟರ್ ಕೆಲಸ, ಹುಬ್ಬಳ್ಳಿಗೆ ಹೋಗಿ ಬರುವ ಲಾರಿ ಬಾಡಿಗೆ ಎಲ್ಲ ಸೇರಿ 1 ಲಕ್ಷ 60 ಸಾವಿರದ ಹತ್ತಿರ ಆಯಿತು. ಅರ್ಧ ನಾನೇ ಹಾಕಿದೆ. ಮಷಿನ್ ಇಟ್ಟದ್ದು ನನ್ನನ್ನು ನಂಬಿ ಅಲ್ವಾ?

ಈಗ ನಾನು ಮಾಡುವುದು ಹೀಗೆ. ನಿಲ್ಲಿಸುವ ದಿನ ಮಷಿನ್‌ಗೆ ಸುಮ್ನೆ ಗಾಳಿ ತುಂಬಿಸುವುದಿಲ್ಲ. ಒಂದು ವಾಲ್ವ್ ಸ್ವಲ್ಪ ತೆರೆದಿಟ್ಟು ಲೋಡ್ ಮೇಲೆ, ಅಂದರೆ ಗಾಳಿ ಒತ್ತುತ್ತಲೇ ಇರುವ ಹಾಗೆ, ಒಂದು ತಾಸು ಓಡಿಸುತ್ತೇನೆ. ಡಿಸ್ಚಾರ್ಜ್ (ಒತ್ತಿದ ಗಾಳಿ ಹೊರಬರುವ ಕಡೆ) ಶಾಖ 85–90 ಡಿಗ್ರಿಯಲ್ಲಿ ನಿಲ್ಲಬೇಕು. ಎಣ್ಣೆಯಲ್ಲಿದ್ದ ನೀರು ಆವಿಯಾಗಿ ಗಾಳಿಯ ಜೊತೆ ಹೊರಗೆ ಹೋಗುತ್ತದೆ. ನಿಲ್ಲಿಸಿ, ಪ್ರೆಷರ್ ಪೂರ್ತಿ ಇಳಿದ ಮೇಲೆ, ಬಿಸಿ ಇರುವಾಗಲೇ ಹಳೇ ಎಣ್ಣೆ ಇಳಿಸುವುದು. ತಣ್ಣಗಾದರೆ ಕೊಳೆ ತಳದಲ್ಲೇ ಉಳಿಯುತ್ತದೆ. ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿ ಮತ್ತೆ ಓಡಿಸಿ ಬಿಸಿ ಮಾಡುತ್ತೇನೆ. ಈ ಮಷಿನ್‌ಗೆ 20 ಲೀಟರ್ ಆಸುಪಾಸು ಹಿಡಿಯಿತು. "ನಿಲ್ಲೋ ಮಷಿನ್‌ಗೆ ಹೊಸ ಎಣ್ಣೆ ಯಾಕೆ?" ಎಂದು ಓನರ್ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಹಳೇ ಎಣ್ಣೆಯ ಹುಳಿ ನಾಲ್ಕು ತಿಂಗಳು ಬೇರಿಂಗಿನ ಮೇಲೆ ಕೂತರೆ ಏನಾಗುತ್ತದೆ ಅಂತ ನಾನು ನೋಡಿದ್ದೆ, ಅವರು ನೋಡಿರಲಿಲ್ಲ.

ಆಮೇಲೆ ಮಷಿನ್‌ನ ಮೇನ್ ಆಫ್ ಮಾಡಿ, ಬೋರ್ಡಿಗೆ ಬೀಗ ಹಾಕಿ, ಸಕ್ಷನ್ (ಗಾಳಿ ಒಳಗೆ ಎಳೆಯುವ) ಬಾಯಿಯಿಂದ ಅರ್ಧ ಲೀಟರ್ ಎಣ್ಣೆ ಬಿಟ್ಟು ಕೈಯಲ್ಲೇ ಸ್ಕ್ರೂ ತಿರುಗಿಸುತ್ತೇನೆ. ಆ ಎಣ್ಣೆಗೆ ಏನು ಬೆರೆಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಟ್ಯಾಂಕಿನಲ್ಲಿರುವ ಎಣ್ಣೆಗೆ ಹೊಂದುವ ಜಾತಿಯೇ ಆಗಿರಬೇಕು, ಅಷ್ಟು ಹೇಳಬಲ್ಲೆ. ಸಕ್ಷನ್, ಡಿಸ್ಚಾರ್ಜ್, ಡ್ರೇನ್ ಎಲ್ಲ ಬಾಯಿಗೂ ರಬ್ಬರ್ ಶೀಟ್ ಇಟ್ಟು ಬ್ಲಾಂಕ್ (ಬಾಯಿ ಮುಚ್ಚುವ ಮುಚ್ಚಳ) ಹಾಕಿ, ಎಷ್ಟು ಬ್ಲಾಂಕ್ ಎಂದು ಬಾಗಿಲ ಮೇಲೆ ಪೇಂಟಿನಲ್ಲಿ ಬರೆಯುತ್ತೇನೆ. ಸಣ್ಣ ಪೈಪಿನ ಬಾಯಿಯನ್ನೂ ಬಿಡಬೇಡಿ. ಒಂದು ವರ್ಷ ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟಿತ್ತು.

ಪ್ರತಿ ಶನಿವಾರ ಕಪ್ಲಿಂಗ್ (ಮೋಟಾರನ್ನು ಸ್ಕ್ರೂಗೆ ಸೇರಿಸುವ ಜೋಡಣೆ) ಹಿಡಿದು, ಬಾಣದ ಗುರುತಿನ ದಿಕ್ಕಿಗೇ, ಕೆಲವು ಸುತ್ತು ಮತ್ತು ಮೇಲೊಂದು ಕಾಲು ಸುತ್ತು. ರೋಲರ್ ಹಿಂದಿನ ವಾರದ ಜಾಗದಲ್ಲೇ ಕೂರಬಾರದು. ಸೀಮೆಸುಣ್ಣದ ಗೆರೆ ಹಾಕಿಟ್ಟರೆ ಹುಡುಗ ನಿಜವಾಗಿ ತಿರುಗಿಸಿದ್ದಾನೋ ಇಲ್ಲವೋ ಗೊತ್ತಾಗುತ್ತದೆ.

ಕೆನೋಪಿ (ಮಷಿನ್ ಸುತ್ತಲಿನ ಡಬ್ಬ) ಒಳಗೆ ಎರಡು 60 ವ್ಯಾಟಿನ ಹಳೇ ಕಾಲದ ಬಲ್ಬು, ಹಗಲು ರಾತ್ರಿ. ಎಲ್‌ಇಡಿ ಇಲ್ಲಿ ಪ್ರಯೋಜನಕ್ಕಿಲ್ಲ, ಬೇಕಾದದ್ದು ಶಾಖ. ಒಂದು ಮೋಟಾರ್ ಕೆಳಗೆ. ಇನ್ನೊಂದು ಎಲ್ಲಿ ಎಂಬುದು ಮಷಿನ್ ನೋಡಿ ತಿಳಿಯಬೇಕು, ಹೋಸ್ ಮತ್ತು ವೈರಿನಿಂದ ದೂರ ಇರಲಿ. ನಾಲ್ಕು ತಿಂಗಳಿಗೆ 350 ಯೂನಿಟ್ ಆಗುತ್ತದೆ. ಆದರೆ ನಮ್ಮಲ್ಲಿ ಮರ ಬಿದ್ದರೆ ಎರಡು ದಿನ ಕರೆಂಟ್ ಇರುವುದಿಲ್ಲ. ಅದಕ್ಕೇ ಬ್ಲಾಂಕ್ ಒಳಗೆ ಸಿಲಿಕಾ ಜೆಲ್ ಚೀಲವೂ ಬೇಕು. ನೀಲಿ ಹರಳು ಗುಲಾಬಿ ಆದಾಗ ಬಾಣಲೆಯಲ್ಲಿ ಹುರಿದು ಮತ್ತೆ ಹಾಕುವುದು. ಆ ಬಾಣಲೆ ಅಡುಗೆಮನೆಗೆ ವಾಪಸ್ ಹೋಗಬಾರದು.

ಜೆಲ್ ದುಡ್ಡು ಉಳಿಸಲು ಸುಟ್ಟ ಸುಣ್ಣದ ಕಲ್ಲನ್ನೂ ಮಡಕೆಯಲ್ಲಿಟ್ಟು ನೋಡಿದೆ. ನೀರು ಚೆನ್ನಾಗಿಯೇ ಎಳೆಯಿತು. ಆದರೆ ಉಬ್ಬಿ ಪುಡಿಯಾಗಿ ಮಡಕೆಯಿಂದ ಹೊರಗೆ ಚೆಲ್ಲಿತು. ಮಷಿನ್ ಹತ್ತಿರ ಅದು ಬೇಡ. ಹೊರಗಿನ ಬೋಲ್ಟುಗಳಿಗೆ ಮುರುಗಲು ತುಪ್ಪ ಹಚ್ಚಿದ್ದೂ ಇದೆ. ಚಳಿಗೆ ಒಡೆದ ಕಾಲಿಗೆ ಹಚ್ಚುತ್ತೇವಲ್ಲ, ಅದೇ. ಒಂದು ತಿಂಗಳು ತುಕ್ಕೇ ಇರಲಿಲ್ಲ. ಆಮೇಲೆ ಇಲಿಗಳು ನೆಕ್ಕಿ ಮುಗಿಸಿ, ಪಕ್ಕದ ವೈರನ್ನೂ ಕಡಿದವು. ಈಗ ಗ್ರೀಸೇ.

ಇದೇ ಕೆಲಸವನ್ನು ಶಿರಸಿಯ ಒಂದು ಮಷಿನ್‌ಗೂ ಮಾಡಿದೆ. ಘಟ್ಟದ ಮೇಲೆ ಉಪ್ಪಿಲ್ಲ, ತುಕ್ಕು ಕಡಿಮೆ. ಆದರೆ ಮೋಟಾರ್ ಥಂಡಿ ಹಿಡಿಯುತ್ತದೆ. ಬಲ್ಬು ಇಡುವ ಮೊದಲು ಮೆಗ್ಗರ್ (ಮೋಟಾರಿನ ಇನ್ಸುಲೇಶನ್ ಅಳೆಯುವ ಮೀಟರ್, ಹೆಚ್ಚು ತೋರಿಸಿದಷ್ಟೂ ಒಳ್ಳೆಯದು) 1 ಮೆಗಾಓಮ್ ಕೂಡ ತೋರಿಸಲಿಲ್ಲ. ಹತ್ತು ದಿನ ಬಲ್ಬಿಟ್ಟ ಮೇಲೆ 50 ದಾಟಿತು.

ಎಣ್ಣೆ, ಫಿಲ್ಟರ್ ಬಿಟ್ಟು ಒಂದು ಮಷಿನ್‌ಗೆ ಒಟ್ಟು ಐದು ಸಾವಿರದೊಳಗೆ ಖರ್ಚು.

ಅಕ್ಟೋಬರಿನಲ್ಲಿ ಓನರ್ ಎದುರಿಗೇ ಬ್ಲಾಂಕ್ ಎಣಿಸಿ ತೆಗೆದೆ. ತಳದಿಂದ ಬಾಟಲಿಗೆ ಹಿಡಿದರೆ ಎಣ್ಣೆ ಜೇನುತುಪ್ಪದ ಬಣ್ಣದಲ್ಲಿತ್ತು, ಕೆಳಗೆ ನೀರಿನ ಗೆರೆ ಇಲ್ಲ. ಮೆಗ್ಗರ್ ನೋಡಿ, ಸಕ್ಷನ್‌ಗೆ ಮತ್ತೆ ಅರ್ಧ ಲೀಟರ್ ಎಣ್ಣೆ ಬಿಟ್ಟು, ಒಂದೇ ಕೈಯಲ್ಲಿ ಕಪ್ಲಿಂಗ್ ತಿರುಗಿಸಿದೆ. "ನೀವೇ ತಿರುಗಿಸಿ ನೋಡಿ" ಎಂದು ಅವರ ಕೈಗೂ ಕೊಟ್ಟೆ. ಬೀಗ ತೆಗೆದು ಸ್ಟಾರ್ಟ್ ಒತ್ತಿದಾಗ ಒಂದು ಕರಕರ ಸದ್ದಿಲ್ಲ. ಸ್ವಲ್ಪ ಹೊತ್ತಿನಲ್ಲಿ 7 ಬಾರ್ ಹತ್ತಿತು, ಡಿಸ್ಚಾರ್ಜ್ 82 ಡಿಗ್ರಿಯಲ್ಲಿ ನಿಂತಿತು.

ಆಗೋದಿಲ್ಲ ಎಂದಿದ್ದ ಹಿರಿಯರೊಬ್ಬರು ಈ ಮೇ ತಿಂಗಳಲ್ಲಿ ಫೋನ್ ಮಾಡಿದ್ದರು. "ತಮ್ಮಾ, ಆ ಬಲ್ಬು ಎಷ್ಟು ವ್ಯಾಟಿಂದು ಅಂದೆ?"