ಕಾಮಿಡಿ ಆಫ್ ಎರರ್ಸ್ ಮತ್ತು ಎರಡು ಬೈರಾಸು: ನನ್ನ ಅನುಭವ

ಕಾಸರಗೋಡಿನ ಬದಿಯಡ್ಕದ ಹತ್ರ ನಮ್ದೊಂದು ಹವ್ಯಾಸಿ ನಾಟಕ ತಂಡ ಇತ್ತು, ತೋಟದವ್ರು, ಮಾಸ್ಟ್ರುಗಳು, ಒಬ್ಬ ಆಟೋ ಡ್ರೈವರ್. ಶೇಕ್ಸ್‌ಪಿಯರನ ಕಾಮಿಡಿ ಆಫ್ ಎರರ್ಸ್ ಮಾಡುವ ಅಂತ ನಾನೇ ಹೇಳಿದ್ದು. ಅವನ ನಾಟಕಗಳಲ್ಲಿ ಅದೇ ಎಲ್ಲಕ್ಕಿಂತ ಸಣ್ಣದು, ಕತೆ ಒಂದೇ ದಿನದಲ್ಲಿ ಮುಗೀತದೆ. ಅವಳಿ ಯಜಮಾನ್ರು ಇಬ್ರು, ಅವರ ಅವಳಿ ಆಳುಗಳು ಇಬ್ರು, ಹೆಸ್ರೂ ಒಂದೇ, ಒಂದು ಜೋಡಿ ಎಫೆಸಸ್ ಅನ್ನುವ ಊರಲ್ಲೇ ಇರುದು, ಇನ್ನೊಂದು ಸಿರಾಕ್ಯೂಸ್ ಅನ್ನುವ ಊರಿಂದ ಬಂದದ್ದು.

ಸುರುವಿಗೇ ಅವಳಿ ಯಜಮಾನ್ರ ಅಪ್ಪ ಈಜಿಯನ್ ಬರ್ತಾನೆ, ಸಾಯಂಕಾಲದೊಳಗೆ 1000 ಮಾರ್ಕ್ ದಂಡ ಕಟ್ಟದಿದ್ರೆ ತಲೆ ಹೋಗ್ತದೆ. ಹಡಗು ಒಡೆದು ಹೆಂಡತಿ ಮಕ್ಕಳು ಹೇಗೆ ಬೇರೆ ಆದ್ರು ಅಂತ ಅವ ಸುಮಾರು 100 ಸಾಲು ಹೇಳ್ತಾನೆ. ನಗ್ಲಿಕ್ಕೆ ಬಂದವರಿಗೆ ಇಷ್ಟುದ್ದ ಯಾಕೆ ಅಂತ ನಾನು ಅದನ್ನು 8 ಸಾಲಿಗೆ ಇಳಿಸಿದೆ. ಅಲ್ಲೇ ಕೆಟ್ಟದ್ದು. ರಿಹರ್ಸಲ್ ನೋಡ್ಲಿಕ್ಕೆ ಬಂದ ಮನೆಯವ್ರು ಒಬ್ರೂ ನಗಲಿಲ್ಲ, ಯಾರು ಯಾರು ಅಂತ್ಲೇ ಗೊತ್ತಾಗ್ಲಿಲ್ಲ. ಗೊಂದಲ ನಾಟಕದೊಳಗಿನವ್ರಿಗೆ ಆಗ್ಬೇಕು, ಎದುರು ಕೂತವರಿಗೆ ಅಲ್ಲ.

ಹಾಗೆ ತಾಳಮದ್ದಳೆಯಲ್ಲಿ ಪಾತ್ರದ ಮಾತು ಹೇಳುವ ನಮ್ಮೂರಿನ ಹಿರಿಯ ಅರ್ಥಧಾರಿಯೊಬ್ರನ್ನು ಹೋಗಿ ಕೇಳಿದೆವು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು, ತಾಳಮದ್ದಳೆಯಲ್ಲಿ ವೇಷ ಇಲ್ಲದೆ ಕುಣಿತ ಇಲ್ಲದೆ ಬರೀ ಮಾತನ್ನು ರಾತ್ರಿಯಿಡೀ ಕೇಳುವ ಜನ ಇಲ್ಲಿದ್ದಾರೆ, ಅವರ ಎದುರು ಮಾತು ಕತ್ತರಿಸಿದ್ದೇ ನಾನು! (1594ರಲ್ಲಿ ಈ ನಾಟಕ ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಆಡಿದ್ದೂ ವಕೀಲರ ಎದುರು, ಅವರೂ ಮಾತು ಕೇಳುವವರೇ.) 100 ಸಾಲನ್ನೂ ವಾಪಸ್ ಹಾಕಿದೆವು.

ಈಜಿಯನ್ ಆ ಹಿರಿಯರೇ, ಅಷ್ಟನ್ನೂ ಕೂತಲ್ಲೇ ಹೇಳಿದ್ದು. ಎರಡು ಬೈರಾಸು, ಅಂದ್ರೆ ಹೆಗಲಿಗೆ ಹಾಕುವ ಟವೆಲು, ತಗೊಂಡು ಒಂದೊಂದರ ತುದಿಗೆ ಎರಡೆರಡು ಗಂಟು ಹಾಕಿದ್ರು, ಇದು ಮಗ, ಇದು ಆಳಿನ ಮಗು. ಆಮೇಲೆ ಎರಡನ್ನೂ ಸೇರಿಸಿ ಕಟ್ಟಿದ್ರು, ಅದು ಹಡಗು. "ಬಂಡೆ" ಅಂದಾಗ ಮದ್ದಳೆಗೆ ಒಂದು ಪೆಟ್ಟು, ನಡುವಿನ ಗಂಟು ಎಳೆದು ಬಿಚ್ಚಿ ಒಂದನ್ನು ಎಡಗಡೆ ಒಂದನ್ನು ಬಲಗಡೆ ಬಿಸಾಡಿದ್ರು. ಊರಿನ ಜೋಡಿ ಬಲಗಡೆಯಿಂದ ಬಂದು ಬೈರಾಸು ಬಲ ಹೆಗಲಿಗೆ, ಹೊರಗಿನ ಜೋಡಿ ಎಡಗಡೆಯಿಂದ ಬಂದು ಎಡ ಹೆಗಲಿಗೆ, ಕೊನೆವರೆಗೂ ಅಷ್ಟೇ ಗುರುತು. ನಮ್ಮ ಅವಳಿಗಳಲ್ಲಿ ಒಬ್ಬ ಗೇಣುದ್ದ ಎತ್ತರ ಇದ್ದ, ಯಾರೂ ಆ ಮಾತೆತ್ತಲಿಲ್ಲ.

ಆಳು ಡ್ರೋಮಿಯೋಗೆ ಬೀಳುವ ಪೆಟ್ಟುಗಳೂ ಮದ್ದಳೆಯವರ ಕೈಯಿಂದಲೇ. ಕೈ ಕೆನ್ನೆಗೆ ತಾಗ್ಬಾರ್ದು, ಶಬ್ದ ಸರಿಯಾಗಿ ಅದೇ ಕ್ಷಣಕ್ಕೆ ಬರ್ಬೇಕು, ಇದಕ್ಕೇ ಒಂದು ವಾರ ಹೋಯ್ತು. ನಿಜವಾಗಿ ಹೊಡೆದ ದಿನ ಯಾರಿಗೂ ನಗು ಬರ್ಲಿಲ್ಲ.

ಕೊನೇ ದೃಶ್ಯದಲ್ಲಿ ನಾಲ್ವರೂ ಎದುರುಬದುರು ಆದಾಗ ಆ ಹಿರಿಯರು ಇಬ್ರು ಮಕ್ಕಳ ಹೆಗಲಿಂದ ಬೈರಾಸು ತೆಗೆದು ಪುನಃ ಗಂಟು ಹಾಕಿದ್ರು, ರಿಹರ್ಸಲ್‌ನಲ್ಲಿ ಹಾಗೆ ಇರ್ಲೇ ಇಲ್ಲ. ವಿಂಗಲ್ಲಿ ಸ್ಕ್ರಿಪ್ಟ್ ಹಿಡ್ಕೊಂಡಿದ್ದ ನಂಗೆ ಮುಂದಿನ ಸಾಲು ಕಾಣ್ಲಿಲ್ಲ ಮಾರಾಯ್ರೆ. ಇನ್ನೊಮ್ಮೆ ಮಾಡುದಾದ್ರೆ ಅಕ್ಕಸಾಲಿಗನ ಸರದ ಜಗಳ ಸ್ವಲ್ಪ ಕಡಿಮೆ ಮಾಡೇನು, ಆ 100 ಸಾಲು ಮಾತ್ರ ಮುಟ್ಲಿಕ್ಕಿಲ್ಲ.