ಬಾಯಿ ಮುಚ್ಚಿದ ಸಿಂಹವೇ ಕಷ್ಟ

ಶೀಸಾ ಎಂಬ ಕಾವಲು ಸಿಂಹ ಮಾಡಲು ಕೂತರೆ ನಾನು ಜೋಡಿಯನ್ನೇ ಒಟ್ಟಿಗೆ ಎಬ್ಬಿಸುತ್ತೇನೆ: ಒಂದು ಬಾಯಿ ತೆರೆದದ್ದು, ಇನ್ನೊಂದು ಮುಚ್ಚಿದ್ದು. ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರೆ ಮಣ್ಣಿನ ಹದ ಬದಲಾಗುತ್ತದೆ. ಒಣಗಿ ಸುಟ್ಟ ಮೇಲೆ ಎರಡೂ ಒಂದೇ ಅಳತೆಗೆ ಬರುವುದಿಲ್ಲ.

ಜಪಾನಿನ ದಕ್ಷಿಣದ ಒಕಿನಾವಾ ದ್ವೀಪಗಳಲ್ಲಿ ಮನೆ ಕಾಯುವ ಪ್ರಾಣಿ ಶೀಸಾ. ಅರ್ಧ ಸಿಂಹ, ಅರ್ಧ ನಾಯಿ. ತೊಮಿಮೊರಿ ಊರಿನಲ್ಲಿ ಬೆಂಕಿಯ ಕಾಟ ತಡೆಯಲೆಂದು 1689ರಲ್ಲಿ ನಿಲ್ಲಿಸಿದ ಕಲ್ಲಿನ ಶೀಸಾದ ಮೈಮೇಲೆ 1945ರ ಯುದ್ಧದ ಗುಂಡಿನ ಗುರುತುಗಳು ಈಗಲೂ ಇವೆ. ಸೂರಿನ ಮೇಲೆ ಕೂರುವವೇ ಬೇರೆ: ಹೆಂಚು ಹೊದಿಸುವವರು ಉಳಿದ ಚೂರುಗಳನ್ನು ಸುಣ್ಣದ ಗಾರೆಯಲ್ಲಿ ಕೂಡಿಸಿ ಮಾಡುತ್ತಿದ್ದ ಒಂಟಿ ಶೀಸಾಗಳವು. ನಾನು ಕಲಿತದ್ದು ಆವಿಗೆಯಲ್ಲಿ ಸುಡುವ ಬಗೆಯನ್ನು, ನಾಹಾ ನಗರದ ತ್ಸುಬೊಯಾದಲ್ಲಿ. ಹಿಂದೆ ಒಕಿನಾವಾ ಆಳುತ್ತಿದ್ದ ರ್‍ಯೂಕ್ಯೂ ಅರಸರು 1682ರಲ್ಲಿ ಚದುರಿಹೋಗಿದ್ದ ಆವಿಗೆಗಳನ್ನು ಒಂದೆಡೆ ಸೇರಿಸಿದ ಕುಂಬಾರಗೇರಿ ಅದು. ಊರು ಬೆಳೆದು ಸೌದೆಯ ಹೊಗೆ ತಕರಾರಾದಾಗ, 1970ರ ದಶಕದಲ್ಲಿ ಕೆಲವರು ಯೊಮಿತಾನ್‌ಗೆ ಹೋಗಿ ಆವಿಗೆ ಹೂಡಿದರು.

ಮೈ ಪೂರ್ತಿ ಟೊಳ್ಳು. ಸುಟ್ಟ ಮಣ್ಣಿನ ಪುಡಿ ಬೆರೆಸಿ ನಾದಿದ ಜೇಡಿಯನ್ನು ಹುರಿ ಹೊಸೆದು, ಸುತ್ತು ಸುತ್ತಾಗಿ ಏರಿಸುತ್ತೇನೆ. ಗೋಡೆ ಕಿರುಬೆರಳಿನ ದಪ್ಪ ಮೀರಬಾರದು. ಕಾಲು, ಎದೆ ಸ್ವಲ್ಪ ಬಿಗಿದ ಮೇಲೆ ತಲೆಯನ್ನು ಬೇರೆಯಾಗಿಯೇ ಮಾಡಿ, ಎರಡೂ ಅಂಚುಗಳನ್ನು ಗೀರಿ, ಗಂಜಿಯಷ್ಟು ತೆಳ್ಳಗೆ ಕಲಸಿದ ಮಣ್ಣು ಸವರಿ ಕೂಡಿಸುವುದು. ಕೇಸರದ ಸುರುಳಿಗಳು ಕೊನೆಗೆ. ಅದು ತಾಳ್ಮೆಯ ಕೆಲಸ, ಜಾಣತನದ್ದಲ್ಲ.

ಜಾಣತನ ಬೇಕಾಗುವುದು ಮುಖಕ್ಕೆ. ಬಾಯಿ ತೆರೆದದ್ದು ಸುಲಭ: ಹಲ್ಲು, ನಾಲಿಗೆ, ಕತ್ತಲೆಯ ಗಂಟಲು ಇದ್ದರೆ ನೋಡುವವರು ತಾವೇ ಹೆದರುತ್ತಾರೆ. ಮುಚ್ಚಿದ್ದಕ್ಕೆ ಆ ಆಸರೆ ಇಲ್ಲ. ತುಟಿ ಒತ್ತಿಬಿಟ್ಟರೆ ಮುನಿಸಿಕೊಂಡ ಮುದುಕನಾಗುತ್ತದೆ. ಸಿಟ್ಟನ್ನೆಲ್ಲ ದವಡೆಯಲ್ಲಿ ತೋರಿಸಬೇಕು. ತಲೆಯನ್ನು ಮೈಗೆ ಕೂಡಿಸುವ ಮೊದಲೇ ಕತ್ತಿನ ತೂತಿನಿಂದ ಹೆಬ್ಬೆರಳು ತೂರಿಸಿ, ಕೆನ್ನೆಯನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತೇನೆ. ಹೊರಗಿನ ಕೈ ಬಾಯಂಚನ್ನು ಹಿಡಿದಿರುತ್ತದೆ. ಹೊರಗಿನಿಂದ ಮಣ್ಣು ಮೆತ್ತಿದ ಕೆನ್ನೆಗೆ ಆ ಬಿಗಿ ಬರುವುದಿಲ್ಲ, ಸುಡುವಾಗ ಸಿಡಿಯುವ ಭಯ ಬೇರೆ. ಇನ್ನೊಂದು ಮಾತು: ತೆರೆದ ಬಾಯಿಯಲ್ಲಿ ಗಾಳಿ ಆಡುತ್ತದೆ, ಮುಚ್ಚಿದ್ದರಲ್ಲಿ ಇಲ್ಲ. ಹಾಗಾಗಿ ಸುಡುವಾಗ ಒಳಗಿನ ಆವಿ ಹೊರಬರಲೆಂದು ಮೂಗಿನ ಹೊಳ್ಳೆಗಳನ್ನು ಒಳಗಿನವರೆಗೂ ಕೊರೆದು ಬಿಡುತ್ತೇನೆ.

ಒಣಗಿಸುವುದು ಬಟ್ಟೆ ಹೊದಿಸಿ, ನೆರಳಿನಲ್ಲಿ. ಕಿವಿ, ಬಾಲದ ತುದಿ ಮೊದಲು ಒಣಗಿ ಬಿರಿಯುವುದರಿಂದ ಅವಕ್ಕೆ ಒದ್ದೆ ಬಟ್ಟೆ. ಆವಿಗೆಯಲ್ಲಿ ನೂರು ಡಿಗ್ರಿ ದಾಟುವವರೆಗೆ ಅವಸರ ಸಲ್ಲದು. 573 ಡಿಗ್ರಿಯ ಆಸುಪಾಸಿನಲ್ಲಿ ಮಣ್ಣಿನೊಳಗಿನ ಬೆಣಚು ಹಿಗ್ಗುವುದರಿಂದ ಅಲ್ಲೂ ನಿಧಾನ. ಆರುವಾಗ ಅದೇ ಬೆಣಚು ಕುಗ್ಗುತ್ತದೆ, ಆಗ ಬಾಗಿಲು ಇಣುಕುವ ಆಸೆಯನ್ನು ಅದುಮಿಕೊಳ್ಳಬೇಕು.

ಗಾಜಿನಂಥ ಮೆರುಗು ಹಾಕಿದ್ದಕ್ಕೆ ತ್ಸುಬೊಯಾದಲ್ಲಿ ಜೋಯಾಚಿ, ಹಾಕದ್ದಕ್ಕೆ ಆರಾಯಾಚಿ ಎನ್ನುತ್ತಾರೆ. ಅಂಗಡಿಗಳಲ್ಲಿ ಬಣ್ಣಬಣ್ಣದವು ಹೊಳೆಯುತ್ತವೆ, ಕೊಳ್ಳುವವರಿಗೂ ಅವೇ ಇಷ್ಟ. ನಾನು ಮಾತ್ರ ಮೆರುಗು ಹಚ್ಚುವುದಿಲ್ಲ. ಕರಗಿ ಹರಿದ ಮೆರುಗು ತಗ್ಗುಗಳಲ್ಲಿ ಮಡುಗಟ್ಟುತ್ತದೆ. ತೆರೆದ ಬಾಯಿಗೆ ಅದರಿಂದ ನಷ್ಟವಿಲ್ಲ. ಮುಚ್ಚಿದ ಬಾಯಿಯ ಪಕ್ಕದ ಆ ಸಣ್ಣ ಕುಳಿ ತುಂಬಿಹೋದರೆ ದವಡೆ ಸಡಿಲವಾದಂತೆ ಕಾಣುತ್ತದೆ.